ಮೂರನೆಯ ಸಲದ ಪರೀಕ್ಷೆ

“ತಪ್ಪು,” ಎಂದಳು ಇಮೊಜಿನ್. “ನಾಚಿಕೆ ಆಗ್ಬೇಕು ನಿನಗೆ.”

ರೋಂಡಾ ಟ್ಯಾಕೆಟ್ ಪೆನ್ಸಿಲನ್ನು ಮೇಜಿನ ಮೇಲೆ ಕುಕ್ಕಿದಳು. ಗ್ರಂಥಾಲಯದ ಮೂಲೆಯಲ್ಲಿ ಪತ್ರಿಕೆ ಹಿಡಿದಿದ್ದ ಮುದುಕ ತಲೆಯೆತ್ತಿ ನೋಡಿದ.

“ಮಗುವಿನ ಮೈಮೇಲೆ ಬಾಸುಂಡೆ ಇದೆ ಅಂತ ಶಾಲೆಯಿಂದ ಫೋನ್ ಬಂದಿದೆ. ಮೊದಲು ತಾಯೀನ ಕರೆಸಿ ಮಾತಾಡಿಸ್ತೀನಿ ಅಂದೆ. ಅದರಲ್ಲೇನು ತಪ್ಪು?”

“ಪ್ರಶ್ನೆಯಲ್ಲಿ ‘ಮೊದಲು’ ಅಂತಿದೆ, ಕಣ್ಣು ಬಿಟ್ಟು ಓದು. ಮೊದಲು ಹೋಗ್ಬೇಕು. ಮಗು ಹೇಗಿದೆ ಅಂತ ಕಣ್ಣಾರೆ ನೋಡ್ಬೇಕು. ಆಮೇಲೆ ಮಾತು, ಆಮೇಲೆ ಬರವಣಿಗೆ. ಎಷ್ಟು ವರ್ಷದಿಂದ ಮಾಡ್ತಿದ್ದೀಯ ಈ ಕೆಲಸ?”

“ಹನ್ನೆರಡು.”

“ಪಾಪ, ಆ ಮಕ್ಕಳು.”

ರೋಂಡಾ ಹಲ್ಲು ಕಚ್ಚಿದಳು. ಕೌಂಟಿಯ ಮಕ್ಕಳ ರಕ್ಷಣಾ ಕಚೇರಿಯಲ್ಲಿ ಅವಳದು ಹನ್ನೆರಡು ವರ್ಷದ ನೌಕರಿ. ಈಗ ಹೊಸ ನಿಯಮ ಬಂದಿತ್ತು: ಸಮಾಜಕಾರ್ಯದ ಲೈಸೆನ್ಸ್ ಪರೀಕ್ಷೆ ಪಾಸಾಗದವರು ಮಾರ್ಚ್ ಕಳೆದ ಮೇಲೆ ಮನೆಗೆ ಹೋಗಬೇಕು. ಅವಳು ಎರಡು ಸಲ ಫೇಲಾಗಿದ್ದಳು. ಕಲ್ಲಿದ್ದಲಿನ ಗಣಿ ಮುಚ್ಚಿದ ಆ ಕಣಿವೆಯಲ್ಲಿ ಬೇರೆ ಕೆಲಸ ಎಲ್ಲಿತ್ತು? ‘ಜೊತೆಗೆ ಓದುವವರು ಬೇಕು’ ಎಂದು ಗ್ರಂಥಾಲಯದ ಫಲಕದ ಮೇಲೆ ಚೀಟಿ ಅಂಟಿಸಿದಳು. ಮೂರನೆಯ ದಿನ ಬಂದವಳೇ ಈ ಹೆಂಗಸು. ಅರವತ್ತು ದಾಟಿದ ಒಣಕಲು ಮೈ, ಗಂಡಸರ ಜಾಕೆಟ್ಟು, ಕಂಕುಳಲ್ಲಿ ಪರೀಕ್ಷೆಯ ಹಳೆಯ ಪುಸ್ತಕ. ಅದರ ಪುಟಪುಟದಲ್ಲೂ ಪೆನ್ಸಿಲ್ ಗುರುತು.

“ಇಮೊಜಿನ್ ಅಂತ ಕರಿ, ಸಾಕು. ದುಡ್ಡು ಬೇಡ.”

“ನಮ್ಮ ಆಫೀಸಿನಲ್ಲಿದ್ರಾ, ಮಿಸ್ ಇಮೊಜಿನ್?”

“ನಿಮ್ಮ ಆಫೀಸಿನ ಒಂದೊಂದು ಕುರ್ಚಿಯೂ ಗೊತ್ತು ನಂಗೆ. ನಾಲ್ಕು ವರ್ಷ ಅಲ್ಲಿಗೆ ಓಡಾಡಿದ್ದೀನಿ.”

ತನಗಿಂತ ಮುಂಚೆ ಇದ್ದು ನಿವೃತ್ತಳಾದವಳಿರಬೇಕು ಎಂದುಕೊಂಡಳು ರೋಂಡಾ.

“ನೀವು ಯಾವ ವರ್ಷ ಪಾಸಾದ್ರಿ?”

“ನನ್ನನ್ನ ಯಾರೂ ಪರೀಕ್ಷೆಗೇ ಕೂರಿಸಲಿಲ್ಲ ಕಣೇ. ಕೂರಿಸದೇನೇ ಫೇಲು ಮಾಡಿದ್ರು.”

ಮೊದಲ ದಿನವೇ ಅವಳು ರೋಂಡಾಳ ಟಿಪ್ಪಣಿಗಳನ್ನು ಕೈಗೆತ್ತಿಕೊಂಡಳು. ಹಳದಿ, ಹಸಿರು, ಗುಲಾಬಿ ಬಣ್ಣ ಬಳಿದ ಇನ್ನೂರು ಹಾಳೆ. “ಇದು ಓದೋದಲ್ಲ, ಗೋಡೆಗೆ ಸುಣ್ಣ ಹೊಡೆಯೋದು,” ಎಂದು ಕಸದ ಬುಟ್ಟಿಗೆ ಹಾಕಿದಳು. ಅಂದಿನಿಂದ ದಿನಕ್ಕೆ ಐವತ್ತು ಪ್ರಶ್ನೆ, ಗಡಿಯಾರ ಎದುರಿಟ್ಟುಕೊಂಡು. ಸರಿಯುತ್ತರ ಹೇಳಿದರೆ ಸಾಲದು. ಉಳಿದ ಮೂರು ಆಯ್ಕೆಗಳು ಯಾಕೆ ತಪ್ಪು ಎಂದು ಬಾಯಿಬಿಟ್ಟು ವಿವರಿಸಬೇಕು. ತಪ್ಪಿದ ಪ್ರಶ್ನೆಗಳಿಗೆ ಬೇರೆ ನೋಟ್‌ಬುಕ್ಕು. ಎರಡು ದಿನ ಬಿಟ್ಟು, ಮರೆತೆ ಎನ್ನುವ ಹೊತ್ತಿಗೆ, ಅವೇ ಪ್ರಶ್ನೆ ಮತ್ತೆ ಎದುರಿಗೆ.

ಬೈಗುಳವಿಲ್ಲದ ದಿನವಿರಲಿಲ್ಲ. ಎಷ್ಟೋ ಸಂಜೆ ರೋಂಡಾ ಕಾರಿನೊಳಗೆ ಕೂತು ಅತ್ತಳು. ಈ ಮುದುಕಿಗೆ ನನ್ನನ್ನು ಹಿಂಡುವುದರಲ್ಲಿ ಖುಷಿ ಸಿಗುತ್ತಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಆದರೆ ಅಂಕ ಏರುತ್ತಿತ್ತು.

ಒಂದೇ ಬಗೆಯ ಪ್ರಶ್ನೆಯಲ್ಲಿ ಅವಳು ಪದೇ ಪದೇ ಎಡವುತ್ತಿದ್ದಳು. ಸಹೋದ್ಯೋಗಿಯೊಬ್ಬಳು ಮಗುವಿನ ಮನೆಗೆ ಹೋಗದೆಯೇ ಹೋದಂತೆ ವರದಿ ಬರೆದಿದ್ದಾಳೆ, ಏನು ಮಾಡಬೇಕು?

“ಸುಮ್ಮನೆ ಎಚ್ಚರಿಸಿ ಬಿಡೋದು,” ಎಂದಳು ರೋಂಡಾ. “ಎಲ್ಲರೂ ಮಾಡ್ತಾರೆ, ಮಿಸ್ ಇಮೊಜಿನ್. ಹಿಮ ಬಿದ್ದು ದಾರಿ ಕಟ್ಟಿರುತ್ತೆ, ಮೇಲಿನವರು ನಾಳೆಯೇ ವರದಿ ಕೊಡು ಅಂತಾರೆ. ಏನ್ಮಾಡೋದು?”

ಇಮೊಜಿನ್ ಬೈಯಲಿಲ್ಲ. ಎದ್ದು ಹೊರಗೆ ಹೋದಳು. ಹತ್ತು ನಿಮಿಷದ ಮೇಲೆ ಬಂದಾಗ ಅವಳ ಮುಖ ಒದ್ದೆಯಾಗಿತ್ತು, ಈಗಷ್ಟೇ ತೊಳೆದಂತೆ.

“ಇನ್ನೊಂದ್ಸಲ ಓದು.”

“ನಿಮಗೆ ನನ್ನನ್ನ ಕಂಡ್ರೆ ಆಗಲ್ಲ ಅಲ್ವಾ? ನಾನು ಫೇಲಾದ್ರೆ ಕುಣಿದಾಡ್ತೀರ.”

“ಕಂಡ್ರೆ ಆಗಲ್ಲ, ನಿಜ,” ಎಂದಳು ಇಮೊಜಿನ್. “ಆದ್ರೆ ನೀನು ಪಾಸಾಗೋದು ನಿನಗಿಂತ ನಂಗೆ ಹೆಚ್ಚು ಬೇಕು. ಓದು.”

ಮಾರ್ಚ್ ಒಂಬತ್ತಕ್ಕೆ ಪರೀಕ್ಷೆ. ನಾಲ್ಕು ಗಂಟೆಯ ಕೊನೆಗೆ ಗಣಕದ ಪರದೆಯ ಮೇಲೆ ‘ತೇರ್ಗಡೆ’ ಎಂದು ಕಂಡಾಗ ರೋಂಡಾ ಮೊದಲು ಫೋನ್ ಮಾಡಿದ್ದು ಇಮೊಜಿನ್‌ಗೇ.

“ಸರಿ,” ಎಂದಿತು ಆಚೆಯ ದನಿ. “ಲೈಸೆನ್ಸಿನ ಅರ್ಜಿ ಹಾಕು. ಒಂದೊಂದು ಸಾಲೂ ಓದಿ ಸಹಿ ಮಾಡು. ಬಂದ ದಿನ ಹೇಳು.”

ಬಂದ ದಿನ ರೋಂಡಾ ಸೇಬಿನ ಕೇಕು ಮಾಡಿಕೊಂಡು ಗ್ರಂಥಾಲಯಕ್ಕೆ ಹೋದಳು. ಎಷ್ಟಾದರೂ ಕೆಲಸ ಉಳಿಸಿದವಳು. ಇಮೊಜಿನ್ ಕೇಕಿನ ಕಡೆ ನೋಡಲಿಲ್ಲ.

“ಲೈಸೆನ್ಸಿನ ನಂಬರ್ ಹೇಳು.”

ರೋಂಡಾ ಹೆಮ್ಮೆಯಿಂದ ಹೇಳಿದಳು. ಇಮೊಜಿನ್ ಅದನ್ನು ಒಂದು ಹಾಳೆಯ ಖಾಲಿ ಜಾಗದಲ್ಲಿ ತುಂಬಿ ಮುಂದಕ್ಕೆ ತಳ್ಳಿದಳು.

ಅದು ಲೈಸೆನ್ಸ್ ಮಂಡಳಿಗೆ ಬರೆದ ದೂರು. ಒಂಬತ್ತು ವರ್ಷದ ಹಿಂದಿನ ಫೆಬ್ರುವರಿ. ನಾಲ್ಕು ವರ್ಷದ ಹುಡುಗಿ, ಟ್ಯಾನ್ಸಿ. ಮನೆ ಗಲೀಜು, ಅಜ್ಜಿ ಕುಡಿದಿದ್ದಳು ಎಂಬ ವರದಿ. ಕೆಳಗೆ ರೋಂಡಾ ಟ್ಯಾಕೆಟ್ ಎಂಬ ಸಹಿ. ಆ ವರದಿಯ ಮೇಲೆ ಮಗುವನ್ನು ದೂರದ ರಾಜ್ಯಕ್ಕೆ ದತ್ತು ಕೊಟ್ಟರು, ವಿಳಾಸ ಗುಟ್ಟು. ಸುಳ್ಳು ದಾಖಲೆ ಎಂದೂ ಬರೆದಿಲ್ಲವೆಂದು ಅದೇ ರೋಂಡಾ ಈಗ ಲೈಸೆನ್ಸಿನ ಅರ್ಜಿಯಲ್ಲಿ ಸಹಿ ಮಾಡಿದ್ದಾಳೆ. ದೂರುದಾರಳು: ಇಮೊಜಿನ್ ಸ್ಟಿಡಮ್, ಅಜ್ಜಿ.

ರೋಂಡಾ ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದಳು.

“ನನ್ನ ಅಡುಗೆಮನೇಲಿ ಒಂದು ಗಂಟೆ ಕೂತು ನನ್ನನ್ನ ಮಾತಾಡಿಸಿದೆ ಅಂತ ಬರ್ದಿದ್ದೀಯ,” ಎಂದಳು ಇಮೊಜಿನ್. “ಇಲ್ಲಿ ಎರಡು ತಿಂಗಳು ಎದುರಿಗೇ ಕೂತಿದ್ದೆ. ಗುರುತು ಸಿಗಲಿಲ್ಲ ನಿನಗೆ.”

“ಮತ್ತೆ ಪಾಠ ಯಾಕೆ ಹೇಳಿಕೊಟ್ರಿ?” ರೋಂಡಾಳ ದನಿ ಕೀರಲಾಯಿತು. “ಫೇಲಾಗಿದ್ರೆ ನನ್ನ ಕೆಲಸ ತಾನಾಗೇ ಹೋಗ್ತಿತ್ತಲ್ಲ!”

ಇಮೊಜಿನ್ ದೂರನ್ನು ಮಡಿಸಿ ಲಕೋಟೆಗೆ ಹಾಕಿದಳು.

“ಆಗ್ಲೂ ದೂರು ಕೊಟ್ಟಿದ್ದೆ ಕಣೇ. ಲೈಸೆನ್ಸ್ ಇಲ್ಲದವರನ್ನ ವಿಚಾರಣೆ ಮಾಡೋ ಅಧಿಕಾರ ನಮಗಿಲ್ಲ ಅಂತ ಮಂಡಳಿಯವರು ವಾಪಸ್ ಕಳಿಸಿದ್ರು.”