ಕಾಕಂಬಿ ವಾಸನೆ

"ಇಳೀರಿ, ಇಬ್ರೂ ಇಳೀರಿ," ಎನ್ನುತ್ತಲೇ ಗಡಿ ತಪಾಸಣಾ ಗೇಟಿನ ಪೇದೆ ಕಾರಿನ ಹಿಂದಿನ ಸೀಟಿನ ಅಡಿಗೆ ಎರಡೂ ಕೈ ತೂರಿಸಿ ಎಳೆದ. ಸೀಟು ಎಷ್ಟೋ ಸಲ ಎದ್ದು ರೂಢಿಯಿದ್ದಂತೆ ಹಗುರವಾಗಿ ಮೇಲೆ ಬಂತು.

ಅಡಿಯಲ್ಲಿ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಬೆಸುಗೆ ಹಾಕಿದ ತಗಡಿನ ಪೆಟ್ಟಿಗೆ. ಒಳಗೆ ಕಪ್ಪಾದ ಭತ್ತದ ಹುಲ್ಲು, ಒಡೆದ ಬಾಟಲಿಯ ಚೂರುಗಳು, ಒಂದು ಮುಚ್ಚಳ. ಹುಳಿಸಿಹಿ ವಾಸನೆ ಗಪ್ಪನೆ ಎದ್ದಿತು.

"ಮಾಲು ಎಲ್ಲಿ ಇಳಿಸಿ ಬಂದಿ?"

"ಯಾವ ಮಾಲ್ರೀ? ಹೋದ ವಾರ ಗಾಡಿ ತಗೊಂಡೇನಿ. ಪೆಟ್ಟಿಗಿ ಐತಿ ಅನ್ನೂದ ನನಗ ಗೊತ್ತಿಲ್ಲ," ಎಂದ ಶರಣಬಸವ. ಅವನ ದನಿ ಅವನಿಗೇ ಕಳ್ಳನ ದನಿಯಂತೆ ಕೇಳಿಸಿತು.

"ಗಾಡಿ ನಿಂದು, ಪೆಟ್ಟಿಗಿ ನಿಂದಲ್ಲ!" ಪೇದೆ ಎಡಬಾಗಿಲಿನ ನೆಗ್ಗನ್ನು ಬೆರಳಿನಿಂದ ತಟ್ಟಿದ. "ನಿನಕಿಂತ ಮೊದಲ ನಮಗ ಇದರ ಪರಿಚಯ ಐತಿ. ಗೋವಾದ ದಾರೂ ತುಂಬ್ಕೊಂಡು ಇದ ಗೇಟಿಗೆ ಗುದ್ದಿ ಓಡಿದ ಗಾಡಿ ಇದು."

ಸುನಂದಾ ರಸ್ತೆಯಂಚಿನಲ್ಲಿ ಹೊಟ್ಟೆಗೆ ಕೈ ಆನಿಸಿ ನಿಂತಿದ್ದಳು. ದಿನ ತುಂಬುತ್ತ ಬಂದಿತ್ತು. ಗೋವಾದ ಪೋಂಡಾದಲ್ಲಿನ ಗಂಡನ ಮನೆಯಿಂದ ಹಳಿಯಾಳದ ತವರಿಗೆ ಬಾಣಂತನಕ್ಕೆ ಕರೆತರಲೆಂದೇ ಅಣ್ಣ ಈ ಕಾರು ಕೊಂಡಿದ್ದ.

"ಇದಾ ನಿನ್ನ ಕಾಕಂಬಿ, ಯಣ್ಣಾ?" ಎಂದಳು.

ಕಾರು ಹತ್ತುವಾಗಲೇ ಅವಳು ಮೂಗು ಮುಚ್ಚಿದ್ದಳು. "ಗಾಡಿ ಹಳಿಯಾಳದ್ದಲ್ಲೇನು, ಫ್ಯಾಕ್ಟರಿ ವಾಸನಿ," ಎಂದು ಅವನು ನಕ್ಕಿದ್ದ. ಸುಳ್ಳು ಹೇಳಿರಲಿಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಊರಿನ ಗಾಳಿಯೆಲ್ಲ ಸಕ್ಕರೆ ಫ್ಯಾಕ್ಟರಿಯ ಕಾಕಂಬಿ ಪಾಕದ ವಾಸನೆ. ಒಗೆದ ಅಂಗಿಯಲ್ಲೂ ಅದೇ, ಚಹಾದಲ್ಲೂ ಅದೇ. ಕಾರಿನಲ್ಲೂ ಅದೇ ಬಂದರೆ ಯಾರಿಗೆ ಅನುಮಾನ? ಸೀಟು ಯಾಕೆ ಇಷ್ಟು ಎತ್ತರ ಎಂದು ಕೇಳಿದಾಗ ಹಳೇ ಗಾಡಿ ವ್ಯಾಪಾರಿ ಮಲಕಪ್ಪ, "ಬಸುರಿ ಹೆಣ್ಮಕ್ಕಳಿಗೆ ಏರಿ ಇಳ್ಯಾಕ ಹಗುರ ಆಕ್ಕೈತ್ರಿ," ಎಂದಿದ್ದ. ಹಿಂದಿನ ಸ್ಪ್ರಿಂಗು ಬಿಗಿ ಎಂದರೆ, "ಗಂಡು ಗಾಡಿ ಇದು," ಎಂದಿದ್ದ. ತಂಗಿಯದೇ ಧ್ಯಾನದಲ್ಲಿದ್ದ ಶರಣಬಸವ ಎರಡಕ್ಕೂ ತಲೆಯಾಡಿಸಿದ್ದ.

ಪೇದೆ ಅವಳ ಹೊಟ್ಟೆ ನೋಡಿದ. ಶರಣಬಸವನ ಹಣೆಯ ವಿಭೂತಿ ನೋಡಿದ. ಸೀಟು ಕೆಳಗೆ ಬಿಟ್ಟ.

"ಹಣಿ ನೋಡಿ ಬಿಡಾಕತ್ತೇನಿ. ಹೋಗ್ರಿ. ಮುಂದಿನ ಗೇಟಿನಾಂವ ನಂಬತಾನೋ ಇಲ್ಲೋ, ಅದು ನಿಮ್ಮ ನಸೀಬು."

ಪಕ್ಕದಲ್ಲಿ ಟೆಂಪೋದಿಂದ ಇಳಿಸಿದ ತಾಂಡಾದ ಗೌಂಡಿ ಕೆಲಸದವರು ಸಾಲಾಗಿ ಕೂತಿದ್ದರು. ಅವರ ಗಂಟುಗಳನ್ನೆಲ್ಲ ಬಿಚ್ಚಿ ರಸ್ತೆಗೆ ಹಾಕಲಾಗಿತ್ತು. ಅವರ ಹಣೆಯನ್ನು ಯಾರೂ ನೋಡಿದಂತಿರಲಿಲ್ಲ.

"ನಾ ಇದರಾಗ ಕೂಡ್ರಂಗಿಲ್ಲ," ಎಂದಳು ಸುನಂದಾ. "ಬಸ್ಸಿಗೆ ಹೋಗೂಣು."

"ಈ ಹೊಟ್ಟಿ ಹೊತ್ಕೊಂಡು ಬಸ್ಸಿನಾಗ?"

"ಇಷ್ಟೊತ್ತು ದಾರೂ ಪೆಟ್ಟಿಗಿ ಮ್ಯಾಲ ಕೂಡ್ರಿಸಿದಿ. ಕೂಸು ತೂರಾಡಕೋತ ಹುಟ್ಟಿದ್ರ ಸೋದರಮಾವನ ಹೆಸರ ಹೇಳ್ತೇನಿ."

ಅವನಿಗೆ ನಗು ಬರಲಿಲ್ಲ. ಫೋನು ತೆಗೆದು ಮಲಕಪ್ಪನಿಗೆ ಹಚ್ಚಿದ. ಅವಳೂ ಕೇಳಲೆಂದು ಸ್ಪೀಕರಿಗೆ ಹಾಕಿದ.

"ಅಯ್ಯ, ಪೆಟ್ಟಿಗಿ ಸಿಕ್ತೇನ್ರಿ?" ಮಲಕಪ್ಪ ಕಳೆದ ಕೊಡೆ ಸಿಕ್ಕಿತೇ ಎಂಬಂತೆ ಕೇಳಿದ. "ತಲಿ ಕೆಡಿಸ್ಕೋಬ್ಯಾಡ್ರಿ ಶರಣಬಸವಣ್ಣಾರ. ಗಾಡಿ ವಾಪಸ್ ತಗೋತೇನಿ. ಬಿಳೇದೊಂದು ಐತಿ, ಡಾಕ್ಟರು ಹೊಡದಿದ್ದು. ಈ ಕೀಲಿ ಕೊಡ್ರಿ, ಆ ಕೀಲಿ ಒಯ್ರಿ. ಮ್ಯಾಲ ಏನೂ ಕೊಡೂದು ಬ್ಯಾಡ."

ಶರಣಬಸವನ ಭುಜ ಸಡಿಲಾಯಿತು. ಇನ್ನು ಯಾವ ಗೇಟಿನಲ್ಲೂ ತಲೆ ತಗ್ಗಿಸಬೇಕಿಲ್ಲ.

"ಮತ್ತ ಈ ಗಾಡಿ?" ಎಂದು ಕೇಳಿದವಳು ಸುನಂದಾ.

"ಅದಕ್ಕ ಗಿರಾಕಿ ತಯಾರ ಅದಾನವಾ. ಮುಂಡಗೋಡ ಕಡೆ ತಾಂಡಾದಾಂವ, ತುಳಸಿರಾಮ. ಗೋವಾದಾಗ ಗೌಂಡಿ ಕೆಲಸ. ಗಾಡಿ ಬಣ್ಣ ನೋಡಿ ಮರುಳಾಗ್ಯಾನ."

"ಪೆಟ್ಟಿಗಿ ತಗಸಿ ಕೊಡ್ತೀರೇನು?"

"ತಗದ್ರ ತಳಾನ ಕಳಚತೈತಿ. ಬೆಸುಗಿ ಹಂಗ ಐತಿ."

"ಅಂವಾ ವಾರಾ ವಾರಾ ಇದ ಗೇಟಿಗೆ ಬರ್ತಾನಲ್ರೀ," ಎಂದ ಶರಣಬಸವ.

"ಬರಲಿ ಬಿಡ್ರಿ. ಅವ್ರಿಗೆಲ್ಲಾ ಚೆಕ್ಕಿಂಗ್ ರೂಢಿ ಐತಿ. ಏನೂ ಅನಸೂದಿಲ್ಲ."

ಸಾಲಿನ ತುದಿಯಲ್ಲಿ ಒಬ್ಬ ಹೆಂಗಸು ಎದ್ದು, ರಸ್ತೆಗೆ ಬಿದ್ದಿದ್ದ ತನ್ನ ಸೀರೆಯ ಕೆಂಪು ಧೂಳು ಕೊಡವಿ, ನಾಲ್ಕು ಮೂಲೆ ಕೂಡಿಸಿ ಮಡಚುತ್ತಿದ್ದಳು. ಎಲ್ಲಿಯೂ ಸುಕ್ಕಾಗದಂತೆ, ಬಹಳ ನಿಧಾನವಾಗಿ. ಅಣ್ಣತಂಗಿ ಇಬ್ಬರೂ ಅದನ್ನೇ ನೋಡುತ್ತಿದ್ದರು.

ಸುನಂದಾ ಕಾರಿನ ಬಳಿಗೆ ಹೋಗಿ, ಸೀಟನ್ನು ಅದುಮಿ ಕೂರಿಸಿ, ಅದರ ಮೇಲೆ ಕೂತಳು. ನೆಗ್ಗಿದ ಬಾಗಿಲು ಒಂದೇ ಸಲಕ್ಕೆ ಹತ್ತಲಿಲ್ಲ. ಮತ್ತೊಮ್ಮೆ ಜಗ್ಗಿ ಹಾಕಿದಳು.

"ಸಂಜಿಕ್ಕ ಬರ್ತೀರಲ್ಲಾ? ಬಿಳೇದನ್ನ ತೊಳಸಿ ಇಡ್ಲೇನು?" ಮಲಕಪ್ಪನ ದನಿ ಇನ್ನೂ ಅವನ ಅಂಗೈಯಲ್ಲಿತ್ತು.

"ಒಲ್ಲೆ."

"ಬಿಳೇದು ಒಲ್ಲೆಂದ್ರ ಕೆಂಪುದೂ ಐತ್ರಿ."

"ಒಲ್ಲೆ, ಇದ ಇರಲಿ," ಎಂದ ಶರಣಬಸವ.