ಕೆಂಪು ಗುರುತು

"ಒಣಗೂತನಕ ಮುಟ್ಟಬ್ಯಾಡ ಯವ್ವಾ," ಎಂದ ಜಕ್ಕಪ್ಪ. ತಾನೇ ಬರೆದ ಕಂಪ್ಯೂಟರ್ ಕೋಡ್ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದ ಮಗಳು ಸೋನಾಲಿ ತಲೆಯೆತ್ತಿದಳು. ಅವಳ ಲ್ಯಾಪ್‌ಟಾಪಿನ ಬೆನ್ನಿಗೆ ಅಪ್ಪ ಕುರಿಗೆ ಹಚ್ಚುವ ಕೆಂಪು ಬಣ್ಣದ ಗೆರೆ ಎಳೆದಿದ್ದ.

"ನಿನ್ನ ಕೋಡ್ ಇಟ್ಟ ಜಾಗಾ ದೊಡ್ಡ ಕಂಪನ್ಯಾವ್ರು ಕೊಂಡಾರಂತ ನೀನ ಹೇಳಿದೆಲ್ಲ? ಕುರಿ ತರುಬಿ ಮಲಗಿಸಿದ ಹೊಲಾ ಮಾರಿ ಹೋದ್ರ ನಾವು ಎಬ್ಬಿಸಿಕೊಂಡು ಓಡ್ತೀವೇನ? ಮದಲ ಗುರುತ ಹಾಕ್ತೀವಿ. ಹೊಸಾ ಮಾಲಕ ಎಂಥಾಂವ ಅಂತ ಆಮ್ಯಾಲ ನೋಡ್ತೀವಿ."

ಯಾವ ಕುರಿಗೆ ಯಾವಾಗ ಲಸಿಕೆ ಎಂದು ಫೋನಿನಲ್ಲಿ ತಿಳಿಸುವ ಆ ಕೋಡನ್ನು ಸೋನಾಲಿ ಯಾರು ಬೇಕಾದರೂ ಬಳಸಲೆಂದು ಅಂತರ್ಜಾಲದ ಒಂದು ತಾಣದಲ್ಲಿ ತೆರೆದಿಟ್ಟಿದ್ದಳು. ಐಗಳಿಯ ಕುರಿಗಾರರು ಅದನ್ನೇ ನೆಚ್ಚಿದ್ದರು. ಮುಖವನ್ನೇ ನೋಡಿರದ ನಿಪ್ಪಾಣಿಯ ನೀಲಮ ಅದಕ್ಕೆ ಮರಾಠಿ ಸೇರಿಸಿ ಕಳಿಸಿದ್ದಳು. ನಂಬಿ ಇಟ್ಟ ಜಾಗವೇ ಮಾರಾಟವಾದ ಸಿಟ್ಟಿಗೆ ಒಂದು ಸಾಲನ್ನೂ ಉಳಿಸಬಾರದೆಂದು ಸೋನಾಲಿ ಬೆಳಗಿನಿಂದ ಹಲ್ಲು ಕಡಿಯುತ್ತಿದ್ದಳು. ಈಗ ನಗು ತಡೆಯಲಾಗಲಿಲ್ಲ. "ಅಪ್ಪಾ, ಕೋಡ್ ಈ ಡಬ್ಬಿ ಒಳಗ ಇಲ್ಲ!"

"ಹಂಗಾರ ಎಲ್ಲೈತಿ ಅಲ್ಲೇ ಹಾಕು."

ಸೋನಾಲಿ ಬೆರಳು ತೆಗೆದಳು. ಕೋಡಿನ ನೆತ್ತಿಯ ಮೇಲೆ, ಇಷ್ಟು ದಿನ ಬರೆಯದೇ ಬಿಟ್ಟಿದ್ದ ಹೆಸರುಗಳನ್ನು ಬರೆದಳು: 'ಹಾರೂಗೇರಿಯ ಜಕ್ಕಪ್ಪನ ಮಗಳು ಸೋನಾಲಿ, ನಿಪ್ಪಾಣಿಯ ನೀಲಮ.'

ಜಕ್ಕಪ್ಪ ಬಗ್ಗಿ ನೋಡಿದ. "ನಮ್ಮ ಬಣ್ಣಾ ಮಳಿಗಿ ಹೋಗ್ತೈತಿ. ಇದನ್ನ ಯಾರರ ಅಳಿಸಿದ್ರ?"

"ಯಾರ ಏನ ತಿದ್ದಿದ್ರೂ ಅಲ್ಲಿ ದಾಖಲಾಗ್ತೈತಿ. ಅಳಿಸಿದವರ ಹೆಸರೂ ಅಲ್ಲೇ ಉಳಿತೈತಿ, ಅಪ್ಪಾ."

ಜಕ್ಕಪ್ಪ ಬಣ್ಣದ ಡಬ್ಬಿಯ ಮುಚ್ಚಳ ಹಾಕಿದ.