ಬಸ್ಸಿನ ದೃಶ್ಯ

ಸಿನಿಮಾದ ಕೊನೆಯ ದೃಶ್ಯ ಬದಲಾಯಿಸಿದರೆ ನಿಮ್ಮ ಅಭ್ಯಂತರವೇನಾದರೂ ಇದೆಯೇ ಎಂದು ಅಮೆರಿಕದ ಹುಡುಗಿ ಕೆಂಡ್ರಾ ಕೇಳಿದಾಗ, ವಿನಿಫ್ರೆಡ್ ಟ್ಯಾಪ್‌ಸ್ಕಾಟ್ ಅವಳ ಕಪ್ಪಿಗೆ ಚಹಾ ಬಗ್ಗಿಸುತ್ತಿದ್ದಳು. ಇದಕ್ಕೆ ಏನು ಉತ್ತರ ಕೊಡಬೇಕೆಂದು ಹತ್ತು ದಿನದಿಂದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದಳು ಮುದುಕಿ. ಆದರೂ ಬಾಯಿಂದ ಬಂದದ್ದೇ ಬೇರೆ.

"ಅಯ್ಯೋ, ನಂದೇನಿದೆಯಮ್ಮ. ನಿಮ್ಮ ಜನಕ್ಕೆ ಏನು ಹಿಡಿಸುತ್ತೆ ಅಂತ ನಿಮಗೇ ತಾನೇ ಗೊತ್ತು. ಸಕ್ಕರೆ ಎಷ್ಟು ಹಾಕ್ಲಿ?"

ಅದು ಅವಳ ಗಂಡ ಹೆಡ್ಲಿ ನಲವತ್ತು ವರ್ಷದ ಹಿಂದೆ ಬರೆದು ತೆಗೆದ ಹಾಸ್ಯಚಿತ್ರ. ಮುನಿಸಿಪಾಲಿಟಿಯ ದಾಖಲೆಯಲ್ಲಿ ತಪ್ಪಾಗಿ ಸತ್ತುಹೋದ ಮನುಷ್ಯನೊಬ್ಬ, ತಾನಿನ್ನೂ ಬದುಕಿದ್ದೇನೆಂದು ಸಾಬೀತು ಮಾಡಲು ಒಂದೂವರೆ ಗಂಟೆ ಪಡುವ ಪಾಡು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊನೆಗೆ ಅವನಿಗೆ ಸರ್ಟಿಫಿಕೇಟು ಸಿಗುತ್ತದೆ, ತೋರಿಸೋಣವೆಂದರೆ ಯಾರೂ ಇಲ್ಲ. ಬಸ್ಸು ಹತ್ತಿ ಕಂಡಕ್ಟರಮ್ಮನಿಗೆ ತೋರಿಸುತ್ತಾನೆ. ಅವಳು ಪೂರ್ತಿ ಓದಿ, ಮಡಿಚಿ ವಾಪಸು ಕೊಟ್ಟು, ಕೊನೇ ಸ್ಟಾಪು ಬಂತು ಇಳೀರಿ ಅನ್ನುತ್ತಾಳೆ. ಅಷ್ಟೇ. ನಟಿಗೆ ಜ್ವರ ಬಂದದ್ದರಿಂದ ಆ ದಿನ ಕಂಡಕ್ಟರಾಗಿ ನಿಂತವಳು ವಿನಿಫ್ರೆಡ್. ಡ್ರೈವರ್ ಸೀಟಿನಲ್ಲಿ ಬೆನ್ನು ತೋರಿಸಿ ಕೂತವನು ಹೆಡ್ಲಿ.

ಈಗ ಅಮೆರಿಕದವರು ಅದನ್ನೇ ತಮ್ಮ ನಟರನ್ನು ಹಾಕಿಕೊಂಡು ಹೊಸದಾಗಿ ತೆಗೆಯಲು ಹೊರಟಿದ್ದರು. ನಮ್ಮ ಇಂಗ್ಲಿಷರ ನಗು ಅವರಿಗೆ ಬೇಕು, ನಮ್ಮ ಬೇಸರ ಬೇಡ. ಹೆಡ್ಲಿಗೆ ಇದು ಮೊದಲೇ ಗೊತ್ತಿತ್ತು. ಹೆಂಡತಿಯ ಒಪ್ಪಿಗೆಯಿಲ್ಲದೆ ಆ ದೃಶ್ಯ ಮುಟ್ಟುವಂತಿಲ್ಲವೆಂದು ಕಥೆ ಮಾರಿದ ಕರಾರಿನಲ್ಲೇ ಬರೆಸಿಟ್ಟಿದ್ದ. ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳ ಕೈ ಹಿಡಿದುಕೊಂಡು, ಕಥೆಯನ್ನು ಅವರು ಏನು ಬೇಕಾದರೂ ಮಾಡಿಕೊಳ್ಳಲಿ, ಬಸ್ಸನ್ನು ಮಾತ್ರ ಬಿಟ್ಟುಕೊಡಬೇಡ ಎಂದಿದ್ದ. ಅವಳು ಆಗಲಿ ಎಂದಿದ್ದಳು.

ಮತ್ತೆ, ನಂದೇನಿದೆ ಎಂದದ್ದೇಕೆ? ನಮ್ಮ ಕಡೆ ಮಾತಾಡುವುದೇ ಹಾಗೆ. ಕೇಳಿದ ತಕ್ಷಣ ಪರವಾಗಿಲ್ಲ ಅನ್ನಬೇಕು. ಕೇಳಿದವರು, ಹಾಗಲ್ಲ, ನಿಜ ಹೇಳಿ ಎಂದು ಒತ್ತಾಯ ಮಾಡಬೇಕು. ಆಮೇಲೆ ಮನಸ್ಸಿನಲ್ಲಿದ್ದದ್ದು ಮೆಲ್ಲಗೆ ಹೊರಗೆ ಬರಬೇಕು. ಎರಡನೇ ಚೂರು ಕೇಕಿಗೂ ಇದೇ ಕ್ರಮ, ಮದುವೆಯ ಮಾತಿಗೂ ಇದೇ ಕ್ರಮ. ಪಕ್ಕದ ಮನೆಯ ಐರಿಸ್ ಬೆಳಿಗ್ಗೆಯೇ ಬೇಲಿಯಾಚೆಯಿಂದ ಎಚ್ಚರಿಸಿದ್ದಳು: "ಆ ಕಡೆಯವರಿಗೆ ಸುತ್ತಿ ಬಳಸಿ ಹೇಳಿದ್ರೆ ತಲೆಗೆ ಹೋಗಲ್ಲ, ವಿನೀ. ಬೇಡ ಅಂದ್ಬಿಡು. ಆಮೇಲೆ ತುಟಿ ಬಿಚ್ಚಬೇಡ."

ವಿನಿಫ್ರೆಡ್ ಕಾದಳು. ಇನ್ನೊಂದು ಸಲ ಕೇಳಲಿ, ಹೇಳಿಬಿಡುತ್ತೇನೆ. ಕೆಂಡ್ರಾ ಕೇಳಲಿಲ್ಲ. ಹಿರಿಯರು ಒಮ್ಮೆ ಹೇಳಿದ್ದನ್ನು ಮತ್ತೆ ಕೆದಕುವುದು ಅವಳ ಲೆಕ್ಕದಲ್ಲಿ ಅಸಭ್ಯತೆ. ತಲೆ ತಗ್ಗಿಸಿಕೊಂಡೇ ಹೊಸ ಮುಕ್ತಾಯ ವಿವರಿಸಿದಳು: ಮೇಯರು ಸರ್ಟಿಫಿಕೇಟು ಕೊಡುತ್ತಾನೆ, ಬ್ಯಾಂಡು ಬಾರಿಸುತ್ತದೆ, ಹಳೆಯ ಪ್ರೇಯಸಿ ಜನರ ನಡುವಿನಿಂದ ಓಡಿಬಂದು ತಬ್ಬಿಕೊಳ್ಳುತ್ತಾಳೆ. ಬಹಳ ಚೆನ್ನಾಗಿದೆ ಎಂದಳು ವಿನಿಫ್ರೆಡ್. ಕಾಗದ ಮುಂದೆ ಬಂದಾಗ ಸಹಿ ಹಾಕಿದಳು. ಸಾಲದ್ದಕ್ಕೆ, ಅಷ್ಟು ದೂರದಿಂದ ನಿಮ್ಮನ್ನು ಬರಿಸಿ ತೊಂದರೆ ಕೊಟ್ಟೆ ಎಂದು ಕ್ಷಮೆಯನ್ನೂ ಕೇಳಿದಳು. ತನ್ನ ಹಾಳು ಮರ್ಯಾದೆಯ ಮೇಲೆ ತನಗೇ ಮೈ ಉರಿಯಿತು.

ಗೇಟಿನ ಬಳಿ ಹುಡುಗಿ ತಿರುಗಿ ನಿಂತಳು.

"ಒಂದು ಮಾತು ಹೇಳ್ಲಾ? ಆ ಕಂಡಕ್ಟರು ನೀವೇ ಅಂತ ನಂಗೆ ಗೊತ್ತು. ಆ ದೃಶ್ಯ ನೋಡೇ ನಾನು ಈ ಕೆಲಸಕ್ಕೆ ಬಂದದ್ದು. ಅದನ್ನ ಉಳಿಸೋಕೆ ಆರು ತಿಂಗಳು ನಮ್ಮವರ ಹತ್ರ ಜಗಳ ಆಡಿದೀನಿ. ನೀವು ಒಂದೇ ಒಂದು ಸಲ ಬೇಡ ಅಂದಿದ್ರೆ ಅವರ ಬಾಯಿ ಮುಚ್ಚಿಸ್ತಿದ್ದೆ. ಅದಕ್ಕೇ ಫೋನಲ್ಲಿ ಕೇಳದೆ ಇಲ್ಲಿ ತನಕ ಬಂದೆ."

ವಿನಿಫ್ರೆಡ್ ಗೇಟನ್ನು ಭದ್ರವಾಗಿ ಹಿಡಿದುಕೊಂಡಳು. ಹುಡುಗಿ ಕಾರಿನಲ್ಲಿ ಕೂತು, ಕಾಗದವನ್ನು ಪಕ್ಕದ ಸೀಟಿನ ಮೇಲಿಟ್ಟು, ಗಾಜು ಇಳಿಸಿದಳು.

"ನಿಜವಾಗ್ಲೂ ನಿಮಗೆ ಪರವಾಗಿಲ್ವಾ, ವಿನಿಫ್ರೆಡ್?"

ಅಂತೂ ಎರಡನೇ ಸಲ ಕೇಳಿದ್ದಳು. ಅಭ್ಯಾಸ ಮಾಡಿದ ಮಾತು ಗಂಟಲವರೆಗೆ ಬಂತು. ಆದರೆ ಸಹಿ ಆಗಿಹೋಗಿದೆ, ಪಾಪ ಹುಡುಗಿ ಲಂಡನ್ ಸೇರಿ ವಿಮಾನ ಹಿಡಿಯಬೇಕು, ಈಗ ಮಾತು ಬದಲಾಯಿಸಿದರೆ ಅವಳಿಗೆಷ್ಟು ಮುಜುಗರ.

"ಪರವಾಗಿಲ್ಲ ಕಣಮ್ಮ. ಹೊರಡು, ಹೊತ್ತಾಗುತ್ತೆ."

ಇನ್ನೊಂದು ಸಲ ಕೇಳಿದರೆ ಖಂಡಿತ ಹೇಳಿಬಿಡುತ್ತೇನೆ ಎಂದುಕೊಂಡು, ಕಾರು ಸಮುದ್ರದ ರಸ್ತೆಗೆ ತಿರುಗಿ ಮರೆಯಾದ ಮೇಲೂ ಅವಳು ಗೇಟಿನಲ್ಲೇ ನಿಂತಿದ್ದಳು.